ಬಂದರು ಸೇರದವರ ಕೀರ್ತನೆ: ಫಿನ್ಲೆಂಡಿನ ಆಧುನಿಕ ವೃಂದಗಾನವನ್ನು ಕುರಿತು

ಕೀರ್ತನೆಗಳ ಗ್ರಂಥದ 107ನೆಯ ಕೀರ್ತನೆಯ ವಿನ್ಯಾಸವು ಒಮ್ಮೆ ಓದಿದವರ ನೆನಪಿನಲ್ಲಿ ನಿಲ್ಲುವಂಥದು. ಅರಣ್ಯದಲ್ಲಿ ದಾರಿ ತಪ್ಪಿದವರು, ಕತ್ತಲೆಯ ಸೆರೆಯಲ್ಲಿ ಕುಳಿತವರು, ರೋಗದಿಂದ ಮರಣದ ಬಾಗಿಲವರೆಗೆ ಹೋದವರು, ಹಡಗು ಹತ್ತಿ ಮಹಾಜಲರಾಶಿಯಲ್ಲಿ ವ್ಯಾಪಾರಕ್ಕೆ ಹೊರಟವರು, ಹೀಗೆ ನಾಲ್ಕು ಗುಂಪಿನ ಜನ ಅಲ್ಲಿದ್ದಾರೆ. ನಾಲ್ಕು ಗುಂಪಿನವರೂ ಇಕ್ಕಟ್ಟಿನಲ್ಲಿ ಮೊರೆಯಿಡುತ್ತಾರೆ. ನಾಲ್ಕು ಗುಂಪಿನವರನ್ನೂ ದೇವರು ಬಿಡಿಸುತ್ತಾನೆ. ನಾಲ್ಕು ಸಲವೂ ಕೃತಜ್ಞತಾಸ್ತುತಿಯ ಕರೆ ಕೇಳಿಬರುತ್ತದೆ. ಮೊರೆಯಿಟ್ಟೂ ಬಂದರು ಸೇರದೆ ಹೋದವರ ಐದನೆಯ ಗುಂಪೊಂದು ಕೀರ್ತನಕಾರನ ಎಣಿಕೆಯಲ್ಲಿ ಇಲ್ಲ. ಕರಾವಳಿಯ ಸಭೆಗಳಲ್ಲಿ ಪಾಲನಾಸೇವೆ ಮಾಡಿ, ಕಡಲಿಗೆ ಹೋದವನು ಮರಳಿ ಬಾರದ ಮನೆಯ ಜಗಲಿಯಲ್ಲಿ ಸತ್ಯವೇದ ಬಿಚ್ಚಿ ಕುಳಿತ ಅನುಭವವಿರುವವರಿಗೆ ಇದು ಕೇವಲ ವ್ಯಾಖ್ಯಾನದ ಪ್ರಶ್ನೆಯಲ್ಲವೆಂದು ತಿಳಿದಿದೆ.

ಆ ಐದನೆಯ ಗುಂಪನ್ನು ಕುರಿತು, ಅದೇ ಕೀರ್ತನೆಯ ಮಾತುಗಳನ್ನು ಇಟ್ಟುಕೊಂಡೇ, ಫಿನ್ಲೆಂಡಿನ ಯಾಕ್ಕೊ ಮ್ಯಾಂತುಯಾರ್ವಿ ಎಂಬ ಸಂಗೀತರಚನಕಾರರು 1997ರಲ್ಲಿ ಒಂದು ವೃಂದಗಾನವನ್ನು ರಚಿಸಿದರು. ಅದರ ಲ್ಯಾಟಿನ್ ಹೆಸರು ‘ಕಾಂತಿಕುಮ್ ಕಲಾಮಿತಾತಿಸ್ ಮಾರಿತಿಮೆ’. ಕನ್ನಡದಲ್ಲಿ ‘ಕಡಲ ದುರಂತದ ಗೀತೆ’ ಎನ್ನಬಹುದು. ವಾದ್ಯಗಳಿಲ್ಲದ, ಸುಮಾರು ಹನ್ನೆರಡು ನಿಮಿಷಗಳ ಈ ಕೃತಿಯನ್ನು ನಾವು ಧ್ವನಿಮುದ್ರಣದಲ್ಲಿ ಮಾತ್ರ ಕೇಳಿದ್ದೇವೆ. ಫಿನ್ಲೆಂಡಿನ ಇತ್ತೀಚಿನ ವೃಂದಸಂಗೀತದಲ್ಲಿ ಇದಕ್ಕಿಂತ ದೊಡ್ಡ ರಚನೆಗಳಿವೆ, ಇದಕ್ಕಿಂತ ಹೆಚ್ಚು ಜನಪ್ರಿಯವಾದವೂ ಇವೆ. ಆದರೂ ಸಭೆಯ ಪಠ್ಯವನ್ನು ಸಭೆಯ ಹೊರಗೆ ಒಯ್ದು ಹಾಡಿದಾಗ ಅದಕ್ಕೆ ಏನಾಗುತ್ತದೆಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ನಮ್ಮ ಮುಂದಿಟ್ಟ ಇನ್ನೊಂದು ಕೃತಿಯನ್ನು ನಾವು ಕಾಣೆವು.

ಹಿನ್ನೆಲೆಯ ಸಂಗತಿ ಹೀಗಿದೆ. 1994ರ ಸೆಪ್ಟೆಂಬರ್ 28ರ ನಡುರಾತ್ರಿ ಕಳೆದ ಮೇಲೆ, ತಾಲ್ಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೋಗುತ್ತಿದ್ದ ‘ಎಸ್ಟೋನಿಯಾ’ ಎಂಬ ಪ್ರಯಾಣಿಕರ ಹಡಗು ಬಾಲ್ಟಿಕ್ ಸಮುದ್ರದ ಬಿರುಗಾಳಿಯಲ್ಲಿ ಮುಳುಗಿತು. ಹಡಗಿನಲ್ಲಿ 989 ಜನರಿದ್ದರು. ಅವರಲ್ಲಿ 852 ಮಂದಿ ಸತ್ತರು. ಸತ್ತವರಲ್ಲಿ ಬಹುಪಾಲು ಸ್ವೀಡನ್ನಿನವರು ಮತ್ತು ಎಸ್ಟೋನಿಯದವರು. ಹಡಗಿನ ಮೂತಿಯ ಭಾಗದ ಕವಚವು ಅಲೆಗಳ ಹೊಡೆತಕ್ಕೆ ಕಳಚಿಬಿದ್ದು, ವಾಹನಗಳನ್ನು ನಿಲ್ಲಿಸುವ ಅಂತಸ್ತಿಗೆ ನೀರು ನುಗ್ಗಿತೆಂದು ಮೂರು ದೇಶಗಳ ಜಂಟಿ ತನಿಖಾ ಆಯೋಗವು 1997ರ ಕೊನೆಯಲ್ಲಿ ವರದಿ ಮಾಡಿತು. ಮುಳುಗಿದ ಸ್ಥಳ ಫಿನ್ಲೆಂಡಿನ ಉತೊ ದ್ವೀಪದ ಆಚೆಗೆ. ಆ ರಾತ್ರಿಯ ರಕ್ಷಣಾಕಾರ್ಯವನ್ನು ನಡೆಸಿದ್ದು ತುರ್ಕು ನಗರದ ಕೇಂದ್ರ.

ತುರ್ಕು ಎಂಬ ಹೆಸರನ್ನು ಓದುಗರು ಗಮನದಲ್ಲಿಡಬೇಕು. ಫಿನ್ಲೆಂಡಿನ ಅತಿ ಹಳೆಯ ಬಿಷಪ್ ಪೀಠ ಅಲ್ಲಿಯದು. ಅಲ್ಲಿನ ಕಥೀಡ್ರಲ್ ಶಾಲೆಯ ಹುಡುಗರು ಹಾಡುತ್ತಿದ್ದ ಲ್ಯಾಟಿನ್ ಗೀತೆಗಳು 1582ರಲ್ಲಿ ‘ಪಿಯೆ ಕಾಂತಿಯೋನೆಸ್’ ಎಂಬ ಹೆಸರಿನಲ್ಲಿ ಅಚ್ಚಾದವು. ಅವುಗಳನ್ನು ತಿದ್ದಿ ಒಟ್ಟುಗೂಡಿಸಿದವರೆಂದು ಹೇಳಲಾಗುವ ಯಾಕೊಬುಸ್ ಫಿನ್ನೊ ಆ ಶಾಲೆಯ ಮುಖ್ಯಸ್ಥರು; ಫಿನ್ನಿಷ್ ಭಾಷೆಯ ಮೊದಲ ಸಭಾಗೀತಪುಸ್ತಕವನ್ನು ಸಿದ್ಧಪಡಿಸಿದವರೂ ಅವರೇ. ಮಿಕಾಯೆಲ್ ಅಗ್ರಿಕೊಲ 1548ರಲ್ಲಿ ಹೊಸ ಒಡಂಬಡಿಕೆಯನ್ನು ಫಿನ್ನಿಷ್ ಭಾಷೆಗೆ ತಂದು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಸುಧಾರಣೆಯ ನಂತರವೂ ಒಬ್ಬನೇ ಮನುಷ್ಯ ಒಂದು ಕೈಯಲ್ಲಿ ಜನಭಾಷೆಯ ಗೀತಪುಸ್ತಕವನ್ನೂ ಇನ್ನೊಂದು ಕೈಯಲ್ಲಿ ಲ್ಯಾಟಿನ್ ಹಾಡುಗಳನ್ನೂ ಹಿಡಿದಿದ್ದನೆಂಬುದು ನಮ್ಮ ಪಠ್ಯಪುಸ್ತಕಗಳ ಸರಳ ಚಿತ್ರಕ್ಕೆ ಹೊಂದುವುದಿಲ್ಲ. ಬಡ ವಿದ್ಯಾರ್ಥಿಗಳು ಈ ಹಾಡುಗಳನ್ನು ಮನೆಮನೆಯ ಮುಂದೆ ಹಾಡಿ ಭಿಕ್ಷೆ ಬೇಡಿ ಓದಿದರು. ಆದುದರಿಂದ ಫಿನ್ಲೆಂಡಿನ ಗಾಯಕವೃಂದವೊಂದು ಲ್ಯಾಟಿನ್ ಭಾಷೆಯನ್ನು ಎತ್ತಿಕೊಂಡಾಗ ಅದು ಕೇವಲ ರೋಮಿನ ಕಡೆಗೆ ತಿರುಗಿದಂತಲ್ಲ. ಬಡಹುಡುಗರ ಹಸಿವಿನ ನೆನಪೂ ಅದರೊಳಗಿದೆ.

ಮ್ಯಾಂತುಯಾರ್ವಿಯವರು ಹುಟ್ಟಿದ್ದು 1963ರಲ್ಲಿ. ವೃತ್ತಿಯಿಂದ ಭಾಷಾಂತರಕಾರರು, ಸ್ವತಃ ವೃಂದದಲ್ಲಿ ನಿಂತು ಹಾಡುವವರು. ಹೊಸ ಸಂಗೀತಭಾಷೆಯನ್ನು ಕಂಡುಹಿಡಿಯುವ ಹಂಬಲ ಅವರಲ್ಲಿ ಅಷ್ಟಾಗಿ ಇಲ್ಲ. ಇರುವ ಭಾಷೆಗಳಿಂದ ಬೇಕಾದುದನ್ನು ಆಯ್ದು ಜೋಡಿಸುವವರು. ಪಠ್ಯದ ವಿಷಯದಲ್ಲಿ ಭಾಷಾಂತರಕಾರನ ಕಿವಿಯುಳ್ಳವರು. ಈ ಕೃತಿಯ ಪಠ್ಯವು ಮೂರು ಮೂಲಗಳಿಂದ ಬಂದಿದೆ. ಮೊದಲನೆಯದು ಮೃತರಿಗಾಗಿ ಸಲ್ಲಿಸುವ ರೆಕ್ವಿಯಮ್ ಆರಾಧನೆಯ ಪ್ರಾರ್ಥನಾವಾಕ್ಯಗಳು. ಎರಡನೆಯದು 107ನೆಯ ಕೀರ್ತನೆಯ 23ರಿಂದ 30ರವರೆಗಿನ ವಚನಗಳು. ಮೂರನೆಯದು ನಮ್ಮ ಓದುಗರಿಗೆ ಸೋಜಿಗವೆನಿಸಬಹುದು: ಅದೊಂದು ರೇಡಿಯೊ ವಾರ್ತೆ. ಫಿನ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯು 1989ರಿಂದ 2019ರವರೆಗೆ ವಾರಕ್ಕೊಮ್ಮೆ ಲ್ಯಾಟಿನ್ ಭಾಷೆಯಲ್ಲಿ ಲೋಕವಾರ್ತೆಯನ್ನು ಪ್ರಸಾರ ಮಾಡುತ್ತಿತ್ತು. ಹಡಗು ಮುಳುಗಿದ ಸುದ್ದಿಯನ್ನೂ ಆ ಭಾಷೆಯಲ್ಲಿ ಓದಲಾಯಿತು. ಆ ವರದಿಯ ಮಾತುಗಳೇ ಇಲ್ಲಿ ಹಾಡಾಗಿವೆ.

ಕೃತಿಯು ಪಿಸುಮಾತಿನಿಂದ ಆರಂಭವಾಗುತ್ತದೆ. ಸತ್ತವರ ಮೇಲೆ ನಿತ್ಯವಾದ ಬೆಳಕು ಪ್ರಕಾಶಿಸಲೆಂಬ ಹಳೆಯ ಬೇಡಿಕೆಯನ್ನು ಗಾಯಕರು ಸ್ವರವಿಲ್ಲದೆ ಉಸುರುತ್ತಾರೆ. ಕೇಳುವವರಿಗೆ ಅದು ಪ್ರಾರ್ಥನೆಯೋ ನೀರಿನ ಸದ್ದೋ ತಿಳಿಯದು. ಅದರ ಮೇಲೆ ಒಂಟಿ ಸೊಪ್ರಾನೊ ಧ್ವನಿಯೊಂದು ಜನಪದ ಹಾಡಿನಂಥ ರಾಗವನ್ನು ಪದಗಳಿಲ್ಲದೆ ಹಾಡುತ್ತದೆ. ತರುವಾಯ ಪುರುಷಧ್ವನಿಯೊಂದು ವಾರ್ತೆಯನ್ನು ನಿವೇದಿಸುತ್ತದೆ: ಎಲ್ಲಿಂದ ಎಲ್ಲಿಗೆ ಹೊರಟ ಹಡಗು, ಎಷ್ಟು ಜನ, ಏನಾಯಿತು. ಪೀಠದ ಬಳಿ ನಿಂತು ಸುವಾರ್ತಾಪಾಠವನ್ನು ಹಾಡುವ ದೀಕನನ ಧಾಟಿ ಅದು. ಆಮೇಲೆ ಕೀರ್ತನೆಯ ಬಿರುಗಾಳಿ ಇಡೀ ವೃಂದವನ್ನು ಹಿಡಿದಲ್ಲಾಡಿಸುತ್ತದೆ. ಕೊನೆಗೆ ಮೃತರಿಗೆ ವಿಶ್ರಾಂತಿಯನ್ನು ಬೇಡುವ ಮಾತಿನೊಂದಿಗೆ ಧ್ವನಿಗಳು ತಗ್ಗುತ್ತವೆ.

ವಾರ್ತೆಗೂ ಕೀರ್ತನೆಗೂ ನಡುವೆ ಇರುವ ಒಂದು ವ್ಯಾಕರಣದ ಭೇದವನ್ನು ನಾವು ಇಲ್ಲಿ ತಡೆದು ನೋಡಬೇಕು. ವಾರ್ತೆಯಲ್ಲಿ ಬಿರುಗಾಳಿ ತಾನಾಗಿ ಏಳುತ್ತದೆ, ಹಡಗು ಮಗುಚುತ್ತದೆ. ಆ ವಾಕ್ಯಗಳಲ್ಲಿ ಮಾಡಿದವರು ಯಾರೂ ಇಲ್ಲ. ವಾರ್ತೆಗೆ ಅದು ಸಹಜವೂ ಹೌದು. ಕೀರ್ತನೆಯ 25ನೆಯ ವಚನದಲ್ಲಾದರೋ ಕರ್ತೃಪದ ಸ್ಪಷ್ಟವಾಗಿದೆ: ಆತನು ಆಜ್ಞಾಪಿಸಿದನು, ಬಿರುಗಾಳಿ ಎದ್ದಿತು. ಎರಡೂ ಒಂದೇ ಭಾಷೆಯಲ್ಲಿ, ಒಂದರ ಬೆನ್ನಿಗೆ ಇನ್ನೊಂದು ಬರುವುದರಿಂದ ಕೇಳುವವನಿಗೆ ತಪ್ಪಿಸಿಕೊಳ್ಳಲು ಎಡೆಯಿಲ್ಲ. ಫಿನ್ನಿಷ್‌ನಲ್ಲಿ ವಾರ್ತೆ, ಲ್ಯಾಟಿನ್‌ನಲ್ಲಿ ಕೀರ್ತನೆ ಎಂದಿದ್ದರೆ ಒಂದು ಲೋಕದ ಮಾತು, ಇನ್ನೊಂದು ದೇವಾಲಯದ ಮಾತು ಎಂದು ನಾವು ಬೇರ್ಪಡಿಸಿ ಸುಮ್ಮನಾಗುತ್ತಿದ್ದೆವು. ಇಲ್ಲಿ ಹಾಗಾಗುವುದಿಲ್ಲ. ಹಡಗಿನ ಮೂತಿಯ ಬೀಗ ಸಡಿಲವಾಗಿತ್ತೆಂಬುದೂ ಸತ್ಯ, ಗಾಳಿಯನ್ನು ಆಳುವವನು ಒಬ್ಬನಿದ್ದಾನೆಂಬುದೂ ನಮ್ಮ ಅರಿಕೆ. ಈ ಎರಡನ್ನೂ ಸೇರಿಸಿ ಹೊಲಿಯುವ ಸಾಲೊಂದನ್ನು ರಚನಕಾರರು ತಾವಾಗಿ ಬರೆಯಲಿಲ್ಲ. ದೇವನ್ಯಾಯದ ಸಮರ್ಥನೆಯೆಂಬ ಹೆಸರಿನಲ್ಲಿ ನಾವು ತರಗತಿಯಲ್ಲಿ ಮಾಡುವ ಅವಸರದ ಹೊಲಿಗೆಗಳನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ.

ಇನ್ನು 30ನೆಯ ವಚನ. ಹಡಗಿನವರು ಹಂಬಲಿಸಿದ ಬಂದರಿಗೆ ಆತನು ಅವರನ್ನು ಸೇರಿಸಿದನೆಂದು ಕೀರ್ತನೆ ಹೇಳುತ್ತದೆ. 852 ಜನರ ವಿಷಯದಲ್ಲಿ ಇದು ಸುಳ್ಳಲ್ಲವೇ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಬಾರದು. ರಚನಕಾರರು 27ನೆಯ ವಚನದಲ್ಲಿ, ಅಂದರೆ ಜನರು ಕುಡಿದವರಂತೆ ತೂರಾಡಿ ಅವರ ಜಾಣತನವೆಲ್ಲ ನುಂಗಿಹೋದಲ್ಲಿ, ನಿಲ್ಲಿಸಬಹುದಾಗಿತ್ತು. ಆಧುನಿಕ ಅಭಿರುಚಿ ಅದನ್ನೇ ಬಯಸುತ್ತದೆ. ಅಲ್ಲಿ ನಿಲ್ಲಿಸಿದ ಕೃತಿಯನ್ನು ವಿಮರ್ಶಕರು ಪ್ರಾಮಾಣಿಕವೆಂದು ಹೊಗಳುತ್ತಿದ್ದರು. ಅವರು ನಿಲ್ಲಿಸಲಿಲ್ಲ. ಮೊರೆ, ಬಿಡುಗಡೆ, ಶಾಂತವಾದ ಅಲೆಗಳು, ಬಂದರು ಎಲ್ಲವನ್ನೂ ಹಾಡಿಸಿದರು. ಮೊರೆ ಕೇಳಲ್ಪಡಲಿಲ್ಲವೆಂದು ಸತ್ತವರ ಪರವಾಗಿ ತೀರ್ಪು ಹೇಳಲು ಬದುಕಿರುವ ನಮಗೆ ಯಾವ ಅಧಿಕಾರವಿದೆ ಎಂಬುದು ಈ ನಿರ್ಧಾರದೊಳಗಿನ ಪ್ರಶ್ನೆಯೆಂದು ನಮಗೆ ತೋರುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಏಳನೆಯ ವಚನವನ್ನು ಇದರ ಪಕ್ಕದಲ್ಲಿ ಇಟ್ಟು ಓದಬೇಕು. ಮರಣದಿಂದ ಬಿಡಿಸಬಲ್ಲಾತನಿಗೆ ಕಣ್ಣೀರಿನಿಂದ ಮೊರೆಯಿಟ್ಟ ಕ್ರಿಸ್ತನು ಕೇಳಲ್ಪಟ್ಟನೆಂದು ಅಲ್ಲಿ ಹೇಳಿದೆ. ಆದರೂ ಆತನು ಸತ್ತನು. ಕೇಳಲ್ಪಡುವುದಕ್ಕೂ ಸಾಯದೆ ಉಳಿಯುವುದಕ್ಕೂ ನಡುವೆ ನಾವು ಹಾಕಿಕೊಂಡ ಸಮೀಕರಣವನ್ನು ಆ ವಚನ ಒಪ್ಪುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿ, ಕೃತಿಯು ಎಲ್ಲಿ ನಿಲ್ಲುತ್ತದೆಂಬುದು. ಕೃತಜ್ಞತಾಸ್ತುತಿಗೆ ಕರೆಯುವುದು 31ನೆಯ ವಚನ. ಅದು ಇಲ್ಲಿ ಇಲ್ಲ. ಬಂದರಿನವರೆಗೆ ಬಂದು, ಸ್ತೋತ್ರದ ಹೊಸ್ತಿಲಲ್ಲಿ ಕೀರ್ತನೆಯನ್ನು ಬಿಟ್ಟು, ರಚನಕಾರರು ಮೃತರ ವಿಶ್ರಾಂತಿಯ ಪ್ರಾರ್ಥನೆಗೆ ಹೊರಳುತ್ತಾರೆ. ದೇವರ ಕಾರ್ಯವನ್ನು ಹೇಳಬಹುದು. ಆದರೆ ದುಃಖದಲ್ಲಿರುವವರ ಬಾಯಿಂದ ಈಗಲೇ ವಂದನೆಯನ್ನು ಕಿತ್ತುಕೊಳ್ಳಲಾಗದು. ಶವಸಂಸ್ಕಾರದ ಆರಾಧನೆಯಲ್ಲಿ ವಿಧವೆಯ ಮುಂದೆ ನಿಂತು ‘ಎಲ್ಲದಕ್ಕೂ ಸ್ತೋತ್ರ’ವೆಂದು ಹೇಳಿಸುವ ಬೋಧಕರನ್ನು ನಾವು ಕಂಡಿದ್ದೇವೆ; ನಾವೇ ಹಾಗೆ ಮಾಡಿಯೂ ಇದ್ದೇವೆ. ಒಂದೇ ಒಂದು ವಚನವನ್ನು ಹಾಡದೆ ಬಿಟ್ಟ ಈ ಕೃತಿಯನ್ನು ಕೇಳಿದ ಮೇಲೆ ಆ ನೆನಪು ನಮಗೆ ಹಿತವಾಗಿರಲಿಲ್ಲ.

ದೋಷಗಳಿಲ್ಲವೆಂದಲ್ಲ. ಲ್ಯಾಟಿನ್ ವಾರ್ತೆಯ ಉಪಯೋಗದಲ್ಲಿ ಸ್ವಲ್ಪ ಚಮತ್ಕಾರವಿದೆ. ಸಭಿಕರಲ್ಲಿ ಹೆಚ್ಚಿನವರಿಗೆ ಅದು ವಾರ್ತೆಯೆಂದೇ ತಿಳಿಯದೆ, ಅದೂ ಯಾವುದೋ ಪುರಾತನ ಪ್ರಾರ್ಥನೆಯೆಂದು ಕೇಳಿಸುವ ಅಪಾಯವಿದೆ. ಕೈಯಲ್ಲಿ ಮುದ್ರಿತ ಅರ್ಥವಿಲ್ಲದಿದ್ದರೆ ಮೇಲೆ ನಾವು ಹೇಳಿದ ವ್ಯಾಕರಣದ ಘರ್ಷಣೆ ಯಾರ ಕಿವಿಗೂ ತಾಗದು. ಬಿರುಗಾಳಿಯ ಭಾಗವೂ ಅಲೆ ಏಳುವಾಗ ಸ್ವರ ಏರಿಸುವ, ಇಳಿಯುವಾಗ ಇಳಿಸುವ ಹಳೆಯ ಚಿತ್ರಣಕ್ರಮವನ್ನು ದಾಟಿ ಬಹಳ ದೂರ ಹೋಗುವುದಿಲ್ಲ. ಆದರೆ ಭಾಷೆಯ ವಿಷಯದಲ್ಲಿ ರಚನಕಾರರ ಪರವಾಗಿ ಒಂದು ಮಾತಿದೆ. ಸತ್ತವರಲ್ಲಿ ಹೆಚ್ಚಿನವರು ಅವರ ದೇಶದವರಲ್ಲ. ಅವರು ಫಿನ್ನಿಷ್‌ನಲ್ಲಿ ಹಾಡಿದ್ದರೆ ಅದು ನೆರೆಯವನ ಅಳುವಾಗುತ್ತಿತ್ತು. ಈಗ ಯಾರ ಮನೆಮಾತೂ ಅಲ್ಲದ ಭಾಷೆಯಲ್ಲಿ ಮೂರು ದೇಶದವರೂ ಸಮಾನವಾಗಿ ಹೊರಗಿನವರು, ಸಮಾನವಾಗಿ ಒಳಗಿನವರು.

ಲುಥರನ್ ದೇಶದಲ್ಲಿ ಮೃತರಿಗಾಗಿ ಪ್ರಾರ್ಥನೆ ಎಂತು ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಎತ್ತದೆ ಇರರು. ಔಗ್ಸ್‌ಬರ್ಗ್ ಅರಿಕೆಯ ಸಮರ್ಥನೆಯು ಮೃತರಿಗಾಗಿ ಸಲ್ಲಿಸುವ ಬಲಿಪೂಜೆಯನ್ನು ನಿರಾಕರಿಸಿದರೂ, ಮೃತರಿಗಾಗಿ ಪ್ರಾರ್ಥಿಸುವುದನ್ನು ತಾನು ನಿಷೇಧಿಸುವುದಿಲ್ಲವೆಂದು ಹೇಳುತ್ತದೆ. ನಮ್ಮಲ್ಲಿ ಅನೇಕರು ಇದನ್ನು ಓದಿಯೂ ಮರೆತಿದ್ದಾರೆ. ಫಿನ್ಲೆಂಡಿನಲ್ಲಿ ಈ ಬಾಗಿಲಿನೊಳಗೆ ಮೊದಲು ಹೋದವರು ಮ್ಯಾಂತುಯಾರ್ವಿಯವರಲ್ಲ. ಯೋನಸ್ ಕೊಕ್ಕೊನೆನ್ (1921–1996) ತಮ್ಮ ತೀರಿಹೋದ ಪತ್ನಿಯ ನೆನಪಿಗೆ 1981ರಲ್ಲಿ ಒಂದು ರೆಕ್ವಿಯಮ್ ರಚಿಸಿದರು. ಪಿಯೆಟಿಸ್ಟ್ ಉಜ್ಜೀವನದ ರೈತ ಬೋಧಕ ಪಾವೊ ರುಒತ್ಸಲಾಯ್ನೆನ್‌ನ ಮರಣಶಯ್ಯೆಯನ್ನು ಕುರಿತ ‘ಕೊನೆಯ ಶೋಧನೆಗಳು’ ಎಂಬ ಗೀತನಾಟಕವನ್ನು 1975ರಲ್ಲಿ ರಂಗಕ್ಕೆ ತಂದವರೂ ಅವರೇ; ಸಾವಿನ ಮುಂದೆ ನಿಂತ ವಿಶ್ವಾಸಿ ಅವರಿಗೆ ಹೊಸಬನಲ್ಲ. ಆದರೆ ರೆಕ್ವಿಯಮ್‌ನಲ್ಲಿ ಅವರು ‘ಕ್ರೋಧದ ದಿನ’ದ ಪದ್ಯಗಳನ್ನು ಪೂರ್ತಿ ಬಿಟ್ಟಿದ್ದಾರೆ. ನ್ಯಾಯತೀರ್ಪಿಲ್ಲ, ತುತೂರಿಯಿಲ್ಲ, ಪರದೈಸಿಗೆ ಬೀಳ್ಕೊಡುವ ಮಾತಿದೆ, ಬೆಳಕಿದೆ. ಸಂಗೀತ ನಿಜಕ್ಕೂ ಸುಂದರ. ಗಂಡನೊಬ್ಬನ ದುಃಖದ ಮುಂದೆ ದೇವಶಾಸ್ತ್ರದ ಕಡ್ಡಿ ಹಿಡಿದು ನಿಲ್ಲುವುದು ಸಭ್ಯತೆಯಲ್ಲವೆಂದು ನಾವು ಬಲ್ಲೆವು. ಆದರೂ ಪಠ್ಯದಿಂದ ಭಯವನ್ನು ತೆಗೆದವರಿಗೂ ವಂದನೆಯನ್ನು ಮಾತ್ರ ತಡೆಹಿಡಿದವರಿಗೂ ವ್ಯತ್ಯಾಸವಿದೆ. ಕೊಕ್ಕೊನೆನ್ ಸಾಂತ್ವನಕ್ಕಾಗಿ ಕತ್ತರಿಸಿದರು, ಮ್ಯಾಂತುಯಾರ್ವಿ ಸತ್ಯಕ್ಕಾಗಿ.

ಎಯ್ನೊಯುಹಾನಿ ರೌತವಾರ (1928–2016) ಅವರ ‘ವಿಗಿಲಿಯಾ’ ಇವೆರಡರಿಂದಲೂ ಬೇರೆ ಜಾತಿಯದು. ಹೆಲ್ಸಿಂಕಿ ಉತ್ಸವವೂ ಫಿನ್ಲೆಂಡಿನ ಆರ್ಥಡಾಕ್ಸ್ ಸಭೆಯೂ ಕೇಳಿಕೊಂಡದ್ದರಿಂದ, ಸ್ನಾನಿಕನಾದ ಯೋಹಾನನ ಸ್ಮರಣೆಯ ಇಡೀ ರಾತ್ರಿಯ ಜಾಗರಣೆಗಾಗಿ ಅವರು ಇದನ್ನು ಬರೆದರು. ಸಾಯಂಕಾಲದ ಆರಾಧನೆ 1971ರಲ್ಲಿ, ಮುಂಜಾನೆಯದು 1972ರಲ್ಲಿ ಹೆಲ್ಸಿಂಕಿಯ ಉಸ್ಪೆನ್ಸ್ಕಿ ಕಥೀಡ್ರಲಿನಲ್ಲಿ ಕೇಳಿಸಿತು. 1939ರ ಬೇಸಿಗೆಯಲ್ಲಿ, ಹತ್ತು ವರ್ಷದ ಬಾಲಕ ರೌತವಾರ ಲಡೋಗ ಸರೋವರದ ವಲಾಮೊ ದ್ವೀಪದ ಮಠವನ್ನು ದೋಣಿಯಲ್ಲಿ ಹೋಗಿ ಕಂಡಿದ್ದರು. ಮಂಜಿನಿಂದ ಮೂಡಿಬಂದ ಗುಮ್ಮಟಗಳು, ಗಂಟೆಗಳ ನಾದ, ಗಡ್ಡದ ಸಂನ್ಯಾಸಿಗಳು ಅವರ ಜೀವಮಾನದುದ್ದಕ್ಕೂ ಜೊತೆಗಿದ್ದವು. ಅದೇ ವರ್ಷದ ಕೊನೆಗೆ ಯುದ್ಧ ಬಂದಿತು. ಸಂನ್ಯಾಸಿಗಳು ಒಳನಾಡಿನ ಹೈನಾವೆಸಿಗೆ ಹೋದರು. ದ್ವೀಪ ಸೋವಿಯೆತ್ ನಾಡಿನ ಪಾಲಾಯಿತು. ವಾದ್ಯಗಳಿಗೆ ಎಡೆಯಿಲ್ಲದ ಆರಾಧನೆಯಾದುದರಿಂದ ಗಂಟೆಯ ಮೊಳಗನ್ನೂ ಮನುಷ್ಯರ ಕಂಠವೇ ಕೊಡಬೇಕು. ಪಾತಾಳಕ್ಕಿಳಿಯುವ ಬಾಸ್ ಧ್ವನಿ, ಜಾರುವ ಸ್ವರಗಳು, ಪಿಸುಮಾತು, ಒತ್ತೊತ್ತಾಗಿ ಕೂಡಿದ ಸ್ವರಗುಚ್ಛಗಳು ಇವೆಲ್ಲ ಫಿನ್ನಿಷ್ ಭಾಷೆಯ ಪ್ರಾರ್ಥನೆಯನ್ನು ಸುತ್ತಿಕೊಂಡಿವೆ.

ಆರ್ಥಡಾಕ್ಸ್ ಸಭೆಯ ಸದಸ್ಯರಲ್ಲದವರೊಬ್ಬರಿಗೆ ಆ ಸಭೆಯು ತನ್ನ ಜಾಗರಣೆಯನ್ನೇ ಒಪ್ಪಿಸಿತೆಂಬುದು ಗೌರವದ ಸಂಗತಿ. ಮುಂದೆ ರಚನಕಾರರೇ ಇದರ ಕಛೇರಿ ರೂಪವನ್ನು ಸಿದ್ಧಪಡಿಸಿದರು. ಈಗ ಲೋಕವು ಬಲ್ಲ ‘ವಿಗಿಲಿಯಾ’ ಅದೇ. ಇಲ್ಲಿ ನಮಗೊಂದು ತಕರಾರಿದೆ. ಜಾಗರಣೆ ಎಂದರೆ ಕಾಯುವುದು. ಯಾಜಕನ ನಿಧಾನವಾದ ಓದು, ಮತ್ತೆ ಮತ್ತೆ ಬರುವ ಬೇಡಿಕೆಗಳು, ಕಾಲು ನೋಯುವವರೆಗೆ ನಿಲ್ಲುವುದು, ಇವುಗಳ ನಡುವೆ ಬರುವ ಸಂಗೀತಕ್ಕೆ ಬೇರೆಯೇ ತೂಕ. ಕಛೇರಿಯಲ್ಲಿ ಶಿಖರಗಳಷ್ಟೇ ಉಳಿದು ಕಣಿವೆಗಳು ಮಾಯವಾದಂತೆ ನಮಗೆ ಅನಿಸಿತು. ಕುರ್ಚಿಯಲ್ಲಿ ಕುಳಿತವರಿಗೆ ಅದ್ಭುತವಾದ ಧ್ವನಿಲೋಕ ದೊರೆಯುತ್ತದೆ. ಯಾರಿಗಾಗಿ ಎಚ್ಚರವಿದ್ದೇವೆಂಬುದು ಮಾತ್ರ ಮಸುಕಾಗುತ್ತದೆ. ಮ್ಯಾಂತುಯಾರ್ವಿಯವರ ಚಿಕ್ಕ ಕೃತಿ ಮೊದಲಿನಿಂದಲೇ ಆರಾಧನೆಯ ಹೊರಗೆ ನಿಂತಿದೆ. ಆದುದರಿಂದ ಅದು ಕಳೆದುಕೊಳ್ಳುವುದೇನೂ ಇಲ್ಲ, ಹೊರಗೆ ನಿಂತೇ ಬಾಗಿಲು ತಟ್ಟುತ್ತದೆ.

ಅದೇ ರಚನಕಾರರ ಹೆಸರನ್ನು ಲೋಕದ ಗಾಯಕವೃಂದಗಳಲ್ಲಿ ಹಬ್ಬಿಸಿದ್ದು ಬೇರೊಂದು ಹಾಡು ಎಂಬುದನ್ನೂ ಹೇಳದೆ ಬಿಡಲಾಗದು. 1994ರ ‘ಸ್ಯೂಡೊ ಯೊಯ್ಕ್’ ಎಂಬ ಆ ವಿನೋದದ ಹಾಡಿಗೆ ಸಾಮಿ ಜನರ ನಿಜವಾದ ಯೊಯ್ಕ್ ಗಾಯನದೊಡನೆ ಸಂಬಂಧವಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಸಾಮಿಗಳನ್ನು ಕುರಿತು ಹೊರಗಿನವರು ಕಟ್ಟಿಕೊಂಡ ಚಿತ್ರದ ಅಣಕವದು. ಅಣಕದ ಗುರಿ ಹೊರಗಿನವರೇ ಇರಬಹುದು. ಆದರೆ ಯೊಯ್ಕನ್ನು ಅನ್ಯಧರ್ಮದ ಮಂತ್ರವೆಂದು ನಿಂದಿಸಿ ಅಡಗಿಸಿದವರಲ್ಲಿ ನಮ್ಮಂಥ ಬೋಧಕರೇ ಮುಂದಿದ್ದರು. ಬಾಯಿ ಮುಚ್ಚಿಸಿದ ಹಾಡಿನ ಅಣಕವನ್ನು ಹಾಡಿ ಚಪ್ಪಾಳೆ ಪಡೆಯುವಾಗ ಆ ಚರಿತ್ರೆ ಯಾರ ನೆನಪಿಗೂ ಬರುವುದಿಲ್ಲ. ಸ್ವೀಡಿಷ್ ಮನೆಮಾತಿನ ಹಿರಿಯ ಎರಿಕ್ ಬರ್ಗ್‌ಮನ್ (1911–2006) 1975ರ ‘ಲಾಪ್ಪೋನಿಯಾ’ದಲ್ಲಿ ಅದೇ ಉತ್ತರದ ನಾಡಿನ ಕಡೆಗೆ ತಿರುಗಿದಾಗ ನಗಲಿಲ್ಲ, ಕೇಳಿಸಿಕೊಂಡರು. ಅವರ ಕೃತಿಯೇ ಈ ವಿಷಯದಲ್ಲಿ ನಮಗೆ ಹೆಚ್ಚು ಗೌರವಯುತವಾಗಿ ಕಂಡಿತು.

ಬಾಸೆಲ್ ಮಿಷನ್ನಿನ ಕಾಲದಿಂದ ನಾಲ್ಕು ಧ್ವನಿಗಳಲ್ಲಿ ಹಾಡುತ್ತ ಬಂದಿರುವ ನಮ್ಮ ಸಭೆಗಳ ಗಾಯಕವೃಂದಗಳಿಗೆ ‘ಕಡಲ ದುರಂತದ ಗೀತೆ’ ಸುಲಭಸಾಧ್ಯವಲ್ಲ. ಅದರ ಸ್ವರಗುಚ್ಛಗಳಿಗೆ ನುರಿತ ಕಿವಿಗಳು ಬೇಕು, ವಾರ್ತೆಯನ್ನು ನಿವೇದಿಸುವ ಪುರುಷಧ್ವನಿಗೆ ಲ್ಯಾಟಿನ್ ನಾಲಿಗೆಯಲ್ಲಿ ತಡವರಿಸದೆ ನಿಲ್ಲಬೇಕು. ಆದರೆ ಆ ಪದವಿಲ್ಲದ ಸೊಪ್ರಾನೊ ರಾಗವನ್ನು ಯಾರಾದರೂ ಗಮನವಿಟ್ಟು ಕೇಳಬಹುದು. ಪ್ರಾರ್ಥನೆಗೂ ವಾರ್ತೆಗೂ ಕೀರ್ತನೆಗೂ ಅವುಗಳ ಪದಗಳಿವೆ, ಅವಳಿಗೆ ಇಲ್ಲ. ಅವಳು ದಡದಲ್ಲಿ ಕಾಯುತ್ತಿರುವವಳೋ, ನೀರಿನೊಳಗಿಂದ ಹಾಡುತ್ತಿರುವವಳೋ ಕೃತಿಯು ಹೇಳುವುದಿಲ್ಲ. ಮೂರು ಸಲ ಕೇಳಿದ ಮೇಲೆಯೂ ನಮ್ಮೊಳಗೆ ಈ ಬಗ್ಗೆ ಒಮ್ಮತ ಮೂಡಲಿಲ್ಲ.